ಜರ್ಮನಿಯ ಎರಡನೇ ಬುಂಡೆಸ್‌ಲಿಗಾ: ಮೊದಲ ದರ್ಜೆ ಇರುವಾಗ ಇದನ್ನು ಯಾಕೆ ನೋಡಬೇಕು?

ಎಡಗಾಲ್_ವಿಂಗರ್

ಜರ್ಮನ್ ಫುಟ್‌ಬಾಲಿನ ಮೊದಲ ದರ್ಜೆಯಾದ ಬುಂಡೆಸ್‌ಲಿಗಾದಲ್ಲಿ 2013ರಿಂದ 2023ರವರೆಗೆ ಸತತ 11 ಸಲ ಬಯರ್ನ್ ಮ್ಯೂನಿಕ್ ಚಾಂಪಿಯನ್. 2024ರಲ್ಲಿ ಲೆವರ್‌ಕೂಸನ್ ಗೆದ್ದಿತು, 2025ಕ್ಕೆ ಮತ್ತೆ ಬಯರ್ನ್. ಅದೇ ದೇಶದ ಎರಡನೇ ದರ್ಜೆಯಲ್ಲಿ 2018ರಿಂದ ಯಾರು ಯಾರು ಗೆದ್ದರು ನೋಡಿ: ಡ್ಯೂಸಲ್‌ಡಾರ್ಫ್, ಕೋಲ್ನ್, ಬೀಲೆಫೆಲ್ಡ್, ಬೋಖುಮ್, ಶಾಲ್ಕೆ, ಹೈಡನ್‌ಹೈಮ್, ಸೇಂಟ್ ಪೌಲಿ, ಮತ್ತೆ ಕೋಲ್ನ್. ಎಂಟು ಋತುಗಳಲ್ಲಿ ಏಳು ಬೇರೆ ಬೇರೆ ಚಾಂಪಿಯನ್ನರು.

ಜಗತ್ತಿನ ಅತ್ಯುತ್ತಮ ಎರಡನೇ ದರ್ಜೆ ಇದೇ ಅಂತ ವಾದಿಸುವವರು ಬಹಳ ಮಂದಿ. ಆಟದ ಗುಣಮಟ್ಟ ನೋಡಿ ಹಾಗೆ ಹೇಳುವುದು ಕಷ್ಟ. ಹಾಗಿದ್ದರೆ ಜನ ಯಾವುದಕ್ಕೆ ಅಂಟಿಕೊಂಡಿದ್ದಾರೆ? ಲೀಗ್ ನಡೆಯುವ ಬಗೆ, ಕ್ಲಬ್‌ಗಳ ಹಿನ್ನೆಲೆ, ಅಲ್ಲಿರುವ ಕನ್ನಡಿಗರು ಮೈದಾನಕ್ಕೆ ಹೋಗುವುದು ಹೇಗೆ, ಇಲ್ಲಿ ಕೂತು ಎಷ್ಟು ಹೊತ್ತಿಗೆ ನೋಡುವುದು, ಎಲ್ಲವೂ ಇಲ್ಲಿ ಬರಲಿ. ತಿಳಿದವರು ವಿವರವಾಗಿ ಬರೆಯಿರಿ.

ಧಾರವಾಡ_ಡಿಫೆನ್ಸ್

ಮೊದ್ಲ ರಚನಾ ತಿಳ್ಕೋರಿ, ಅದರಾಗನ ಅರ್ಧ ಉತ್ತರ ಐತಿ. 18 ತಂಡ, ಒಬ್ಬೊಬ್ಬರಿಗೆ 34 ಪಂದ್ಯ, ಒಟ್ಟು 306. ಮೊದಲನೇ ಎರಡು ತಂಡ ನೇರ ಮ್ಯಾಲೆ ಹೋಗ್ತಾವು. ಮೂರನೇದು ಮೊದಲ ದರ್ಜೆಯ 16ನೇ ತಂಡದ ಜೋಡಿ ಎರಡು ಪಂದ್ಯ ಆಡಬೇಕು. ಕೆಳಗ ನೋಡಿದ್ರ 17, 18ನೇದು ಸೀದಾ ಮೂರನೇ ದರ್ಜೆಗೆ, 16ನೇದಕ್ಕ ಅಲ್ಲಿಯ ಮೂರನೇ ತಂಡದ ಜೋಡಿ ಇಂಥಾದ್ದ ಎರಡು ಪಂದ್ಯ. ಈ ಪದ್ಧತಿ 2008-09ರಿಂದ ನಡದೈತಿ.

ಲೀಗ್ ಶುರು ಆಗಿದ್ದು 1974ರಾಗ, ಉತ್ತರ ಮತ್ತ ದಕ್ಷಿಣ ಅಂತ ಎರಡು ಗುಂಪು ಮಾಡಿ. 1981ಕ್ಕ ಒಂದ ಗುಂಪಾತು.

ಈಗ ಅಂಕಿ ನೋಡ್ರಿ. 34 ಪಂದ್ಯಕ್ಕ ಹೆಚ್ಚಂದ್ರ 102 ಪಾಯಿಂಟ್. 2024-25ರಾಗ ಕೋಲ್ನ್ ಚಾಂಪಿಯನ್ ಆಗಿದ್ದು ಬರೇ 61ಕ್ಕ. ಅಂದ್ರ ಸಿಗಬಹುದಾದ ಪಾಯಿಂಟಿನಾಗ ಶೇ 60ರಷ್ಟು ಅಷ್ಟ. ಹ್ಯಾಂಬರ್ಗ್ 59, ಎಲ್ವರ್ಸ್‌ಬರ್ಗ್ 58. ಅದರ ಹಿಂದಿನ ವರ್ಷ ಸೇಂಟ್ ಪೌಲಿ 69, ಕೀಲ್ 68. ಅದಕ್ಕೂ ಹಿಂದ ಹೈಡನ್‌ಹೈಮ್, ಡಾರ್ಮ್‌ಶ್ಟಾಟ್ ಎರಡೂ 67, ಹ್ಯಾಂಬರ್ಗ್ 66. ಮೂರು ವರ್ಷದ ಲೆಕ್ಕದಾಗೂ ಮೊದಲನೇ ಮತ್ತ ಎರಡನೇ ತಂಡದ ನಡುವ ಒಂದು ಗೆಲುವಿನಷ್ಟ ಅಂತರನೂ ಇಲ್ಲ. ಫೆಬ್ರುವರಿಯಾಗ ಎಂಟನೇ ಸ್ಥಾನದಾಗ ಇದ್ದವರು ಎರಡು ಪಂದ್ಯ ಗೆದ್ರ ನಾಲ್ಕಕ್ಕ ಬರ್ತಾರ, ಎರಡು ಸೋತ್ರ ಕೆಳಗಿನ ಗಾಬರಿ ಶುರು. ಟೇಬಲ್ ಮಧ್ಯದಾಗ ಆರಾಮ ಕೂಡೋ ಜಾಗನ ಇಲ್ಲ. ಅದಕ್ಕ ಮಾರ್ಚ್ ತಿಂಗಳದಾಗ ಯಾವ ಪಂದ್ಯ ಹಾಕಿದ್ರೂ ಅದರ ಮ್ಯಾಲೆ ಏನರ ಒಂದು ನಿಂತಿರ್ತೈತಿ.

ಪಾಯಿಂಟ್ ಸಮ ಆದ್ರ ಮೊದಲು ಗೋಲು ಅಂತರ, ಆಮ್ಯಾಲೆ ಹೊಡೆದ ಒಟ್ಟು ಗೋಲು, ಅದಾದ ಮ್ಯಾಲೆ ಇಬ್ಬರ ನಡುವಿನ ಪಂದ್ಯಗಳು. ಸ್ಪೇನ್ ನೋಡಿ ರೂಢಿ ಇದ್ದವರು ಇದನ್ನ ತಪ್ಪು ತಿಳ್ಕೋತಾರ. ಅಲ್ಲಿ ಇಬ್ಬರ ನಡುವಿನ ಫಲಿತಾಂಶ ಮೊದಲು, ಇಲ್ಲಿ ಕಡಿಗೆ. ಹಿಂಗಾಗಿ 3-0 ಮುಂದ ಇದ್ರೂ ಕೊನೇ ಹತ್ತು ನಿಮಿಷ ನಾಲ್ಕನೇ ಗೋಲಿಗೆ ಓಡ್ತಾರ.

ಕೊಡಿಯಾಲ್_442

ರಚನೆ ಇಂಗ್ಲೆಂಡಿನಲ್ಲೂ ಚೆನ್ನಾಗಿ ಉಂಟು ಮಾರಾಯ್ರೆ. ಇಲ್ಲಿಯ ವಿಶೇಷ ಇರುವುದು ತಂಡಗಳ ಹೆಸರಿನಲ್ಲಿ. 2025-26ರ 18 ತಂಡಗಳ ಪಟ್ಟಿ ತೆಗೆದು ಎಣಿಸಿ. ನ್ಯೂರ್ನ್‌ಬರ್ಗ್ 9 ಸಲ ಜರ್ಮನ್ ಚಾಂಪಿಯನ್, ಶಾಲ್ಕೆ 7, ಕೈಸರ್ಸ್‌ಲೌಟರ್ನ್ 4, ಫ್ಯೂರ್ತ್ 3, ಹ್ಯಾನೋವರ್ ಮತ್ತು ಹೆರ್ಥಾ ಬರ್ಲಿನ್ ಎರಡೆರಡು, ಡ್ಯೂಸಲ್‌ಡಾರ್ಫ್, ಬ್ರೌನ್‌ಶ್ವೈಗ್, ಕೀಲ್ ಒಂದೊಂದು. ಕಾರ್ಲ್ಸ್‌ರೂಹ ಕ್ಲಬ್ಬಿನ ಪೂರ್ವಜ ಸಂಘ ಫೀನಿಕ್ಸ್ 1909ರಲ್ಲಿ ಗೆದ್ದದ್ದು ಸೇರಿಸಿದರೆ ಹತ್ತು ಕ್ಲಬ್ಬು, 31 ಪ್ರಶಸ್ತಿ. ಇದರ ಮೇಲೆ ಹಿಂದಿನ ಪೂರ್ವ ಜರ್ಮನಿಯ ಎರಡು ದೊಡ್ಡ ಹೆಸರು: ಡ್ರೆಸ್ಡನ್, ಮಾಗ್ಡೆಬರ್ಗ್. ಈ ಮಾಗ್ಡೆಬರ್ಗ್ 1974ರಲ್ಲಿ ಎಸಿ ಮಿಲಾನನ್ನು 2-0ಯಿಂದ ಸೋಲಿಸಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಎತ್ತಿದ ತಂಡ. ಪೂರ್ವ ಜರ್ಮನಿಯಿಂದ ಯುರೋಪಿನ ಕಪ್ ಗೆದ್ದದ್ದು ಅದೊಂದೇ.

ಕೈಸರ್ಸ್‌ಲೌಟರ್ನ್ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. 1996ರಲ್ಲಿ ಮೊದಲ ದರ್ಜೆಯಿಂದ ಬಿತ್ತು, ಅದಾದ ಒಂದೇ ವಾರಕ್ಕೆ ಜರ್ಮನ್ ಕಪ್ ಗೆದ್ದಿತು. 1997ರಲ್ಲಿ ಎರಡನೇ ದರ್ಜೆ ಗೆದ್ದು ಮೇಲೆ ಬಂದಿತು. 1998ರಲ್ಲಿ ಓಟೊ ರೆಹಾಗೆಲ್ ತರಬೇತಿಯಲ್ಲಿ ಸೀದಾ ದೇಶದ ಚಾಂಪಿಯನ್! ಆಗಷ್ಟೇ ಮೇಲೆ ಬಂದ ತಂಡ ಬುಂಡೆಸ್‌ಲಿಗಾ ಗೆದ್ದ ಉದಾಹರಣೆ ಬೇರೆ ಇಲ್ಲ. ಅದೇ ಕ್ಲಬ್ಬು 2018ರಲ್ಲಿ ಮೂರನೇ ದರ್ಜೆಗೆ ಬಿದ್ದು ನಾಲ್ಕು ವರ್ಷ ಅಲ್ಲಿತ್ತು. 2024ರಲ್ಲಿ ಎರಡನೇ ದರ್ಜೆಯಲ್ಲಿದ್ದುಕೊಂಡೇ ಕಪ್ ಫೈನಲ್‌ಗೆ ಹೋಗಿ ಲೆವರ್‌ಕೂಸನ್‌ಗೆ ಬರೀ 0-1ರಿಂದ ಸೋತಿತು. ಬೆಟ್ಸನ್‌ಬರ್ಗ್ ಗುಡ್ಡದ ಮೇಲಿನ ಅವರ ಮೈದಾನಕ್ಕೆ ಹತ್ತುವ ಜನರಲ್ಲಿ 1998 ನೋಡಿದ ಅಪ್ಪ, ಮೂರನೇ ದರ್ಜೆ ನೋಡಿದ ಮಗ ಇಬ್ಬರೂ ಇರುತ್ತಾರೆ. ಮನೆಯ ಹಿರಿಯರು ಹೇಳಿದ ಕಥೆಯೇ ಕ್ಲಬ್ಬಿಗೆ ಕಟ್ಟಿ ಹಾಕುವ ಹಗ್ಗ.

2024-25ರಲ್ಲಿ 14ನೇ ಸ್ಥಾನಕ್ಕೆ ಇಳಿದ ಶಾಲ್ಕೆಯ ಮೈದಾನಕ್ಕೆ ಪಂದ್ಯವೊಂದಕ್ಕೆ ಬಂದವರು ಸರಾಸರಿ 60,000ಕ್ಕೂ ಹೆಚ್ಚು. ಮೈದಾನದ ಸಾಮರ್ಥ್ಯ ಇರುವುದೇ ಸುಮಾರು 62,000.

ಮಿಡ್‌ಫೀಲ್ಡ್_ಮೇಷ್ಟ್ರು

ಹೆಸರುಗಳ ಪಟ್ಟಿ ಒಪ್ಪಿದೆ. ಆದರೆ ಅಷ್ಟು ದೊಡ್ಡ ಕ್ಲಬ್‌ಗಳು ಯಾಕೆ ಕೆಳಗೆ ಬಂದವು, ಬಂದವು ಯಾಕೆ ಅಲ್ಲೇ ಸಿಕ್ಕಿಹಾಕಿಕೊಂಡವು ಎಂಬುದನ್ನು ನೋಡದೆ ಸಂಭ್ರಮಿಸುವುದು ಸರಿಯಲ್ಲ.

ನಡೆಯುವುದು ಹೀಗೆ. ಜರ್ಮನಿಯ ಒಳಗಿನ ಪ್ರಸಾರ ಹಣದಲ್ಲಿ ಎರಡನೇ ದರ್ಜೆಯ 18 ಕ್ಲಬ್‌ಗಳಿಗೆ ಬರುವುದು ಸರಿಸುಮಾರು ಐದನೇ ಒಂದು ಪಾಲು. ಇಂಗ್ಲೆಂಡಿನಲ್ಲಿ ಕೆಳಗಿಳಿದ ಕ್ಲಬ್‌ಗೆ ಕೆಲವು ವರ್ಷ ಪ್ಯಾರಾಶೂಟ್ ಹಣ ಸಿಗುತ್ತದೆ. ಇಲ್ಲಿ ಅಂಥ ಮೆತ್ತೆ ಇಲ್ಲ. ಪ್ರಸಾರ ಹಣದ ಒಂದು ಭಾಗವನ್ನು ಕಳೆದ ಐದು ಋತುಗಳ ಸಾಧನೆಗೆ 5:4:3:2:1 ತೂಕ ಕೊಟ್ಟು ಹಂಚುತ್ತಾರೆ. ಹೊಸ ವರ್ಷಕ್ಕೆ ತೂಕ ಹೆಚ್ಚು, ಹಳೆಯದಕ್ಕೆ ಕಡಿಮೆ. ಹಾಗಾಗಿ ಕೆಳಗೆ ಕಳೆದ ಪ್ರತಿ ವರ್ಷವೂ ಹಳೆಯ ವೈಭವದ ಬೆಲೆಯನ್ನು ಕರಗಿಸುತ್ತದೆ.

ಈಗ ಖರ್ಚಿನ ಕಡೆ. ಬಿದ್ದ ಕ್ಲಬ್‌ನ ಮೈದಾನ ದೊಡ್ಡದು, ನಿರ್ವಹಣೆ ದೊಡ್ಡದು, ಸಾಲ ಹಳೆಯದು. ಆಟಗಾರರ ಒಪ್ಪಂದಗಳಲ್ಲಿ ಎರಡನೇ ದರ್ಜೆಗೆ ಸಂಬಳ ಇಳಿಸುವ ಷರತ್ತು ಹಾಕಿರದಿದ್ದರೆ ಸಂಬಳದ ಹೊರೆ ಹಾಗೇ ಉಳಿಯುತ್ತದೆ. ಒಪ್ಪಂದ ಮೊದಲ ದರ್ಜೆಗೆ ಮಾತ್ರ ಎಂದಿದ್ದರೆ ಒಳ್ಳೆಯ ಆಟಗಾರರು ಬಿಡಿಗಾಸೂ ಕೊಡದೆ ಹೊರಟುಹೋಗುತ್ತಾರೆ. ಎರಡು ಕಡೆಯೂ ನಷ್ಟ. ಬೇಸಿಗೆಯ ಆರು ವಾರಗಳಲ್ಲಿ ಹದಿನೈದು ಹೊಸ ಆಟಗಾರರನ್ನು ತರುತ್ತಾರೆ. ಅಕ್ಟೋಬರ್‌ನಲ್ಲಿ ಆರನೇ ಸ್ಥಾನದಲ್ಲಿದ್ದರೆ ಕೋಚ್‌ನನ್ನು ಕಳಿಸುತ್ತಾರೆ. ಹೊಸ ಕೋಚ್‌ಗೆ ಬೇರೆ ರೀತಿಯ ಆಟಗಾರರು ಬೇಕು. ಜನವರಿಯಲ್ಲಿ ಮತ್ತೆ ಖರ್ಚು. ಈ ಚಕ್ರ ಮೂರು ಸಲ ತಿರುಗಿದರೆ ಕ್ಲಬ್ ಅಲ್ಲಿಯದೇ ಆಗಿಬಿಡುತ್ತದೆ.

ಇನ್ನು ಪರವಾನಗಿ. ಪ್ರತಿ ವರ್ಷ ಮಾರ್ಚ್ ಸುಮಾರಿಗೆ ಕ್ಲಬ್‌ಗಳು ಮುಂದಿನ ಋತುವಿಗೆ ಬೇಕಾದ ಹಣ ಕೈಯಲ್ಲಿದೆ ಎಂದು ಲೀಗ್‌ಗೆ ದಾಖಲೆ ಸಮೇತ ತೋರಿಸಬೇಕು. ಮೈದಾನದಲ್ಲಿ ಉಳಿದರೂ ಕಾಗದದಲ್ಲಿ ಬೀಳಬಹುದು. 1860 ಮ್ಯೂನಿಕ್ 2017ರಲ್ಲಿ ರೇಗನ್ಸ್‌ಬರ್ಗ್ ಎದುರು ಪ್ಲೇಆಫ್ ಸೋತು ಮೂರನೇ ದರ್ಜೆಗೆ ಇಳಿಯಬೇಕಿತ್ತು. ಅದಕ್ಕೆ ಬೇಕಾದ ಹಣವೂ ಗಡುವಿನೊಳಗೆ ಬರದೆ ನಾಲ್ಕನೇ ದರ್ಜೆಗೆ ಹೋಯಿತು. ಅದರ ಬೆನ್ನಿಗೇ ನಡೆದದ್ದನ್ನೂ ಹೇಳಬೇಕು: ಅದೇ ವರ್ಷ ಪಾಡರ್‌ಬಾರ್ನ್ ಮೂರನೇ ದರ್ಜೆಯಲ್ಲಿ 18ನೇ ಸ್ಥಾನಕ್ಕೆ ಬಿದ್ದು ಕೆಳಗಿಳಿಯಲಿತ್ತು. 1860ರ ಜಾಗ ಖಾಲಿಯಾದ್ದರಿಂದ ಉಳಿಯಿತು. 2018ರಲ್ಲಿ ಎರಡನೇ ದರ್ಜೆಗೆ, 2019ರಲ್ಲಿ ಬುಂಡೆಸ್‌ಲಿಗಾಕ್ಕೆ ಏರಿತು.

ಆಟದ ಮಟ್ಟದ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಚೆಂಡು ಹಿಡಿದು ನಿಧಾನವಾಗಿ ಕಟ್ಟುವ ಆಟ ಇಲ್ಲಿ ಕಡಿಮೆ. ಒತ್ತಡ ಹಾಕು, ಚೆಂಡು ಕಿತ್ತುಕೋ, ಮೂರು ಪಾಸಿನಲ್ಲಿ ಗೋಲಿನತ್ತ ಓಡು. ಕಾರ್ನರ್, ಫ್ರೀ ಕಿಕ್, ಉದ್ದದ ಥ್ರೋಗಳಿಗೆ ತುಂಬ ಬೆಲೆ. ರಕ್ಷಣೆಯವರ ಮೊದಲ ಸ್ಪರ್ಶ ಹದ ತಪ್ಪುವುದರಿಂದ ತಪ್ಪುಗಳು ಹೆಚ್ಚು, ಗೋಲುಗಳೂ ಹೆಚ್ಚು. 3-0 ಮುನ್ನಡೆ ಕೂಡ ಭದ್ರವಲ್ಲ. 2023ರ ಅಕ್ಟೋಬರ್‌ನಲ್ಲಿ ಡ್ಯೂಸಲ್‌ಡಾರ್ಫ್ ಮನೆಯಂಗಳದಲ್ಲಿ ಕೈಸರ್ಸ್‌ಲೌಟರ್ನ್ ಎದುರು 0-3 ಹಿಂದಿದ್ದು 4-3ರಿಂದ ಗೆದ್ದಿತು.

ಎಡಗಾಲ್_ವಿಂಗರ್

ಮೇಷ್ಟ್ರೇ, ಆ ಡ್ಯೂಸಲ್‌ಡಾರ್ಫ್ ಪಂದ್ಯಕ್ಕೆ ಇನ್ನೊಂದು ಮಹತ್ವ ಇದೆ. ಆ ಋತುವಿನಲ್ಲಿ ಕ್ಲಬ್ ಮೂರು ಪಂದ್ಯಗಳಿಗೆ ಎಲ್ಲರಿಗೂ ಉಚಿತ ಪ್ರವೇಶ ಕೊಟ್ಟಿತು, ಮೊದಲನೆಯದೇ ಅದು. ಟಿಕೆಟಿನ ನಷ್ಟವನ್ನು ಪ್ರಾಯೋಜಕರ ಹಣದಿಂದ ತುಂಬಿಸುವ ಯೋಜನೆ.

ಸಿಕ್ಕಿಹಾಕಿಕೊಂಡವರ ಜೊತೆಗೆ ಏರಿದವರನ್ನೂ ನೋಡೋಣ. ಹೈಡನ್‌ಹೈಮ್ ಸುಮಾರು 50,000 ಜನರ ಊರು. ಫ್ರಾಂಕ್ ಶ್ಮಿಟ್ 2007ರಲ್ಲಿ ಕೋಚ್ ಆದಾಗ ತಂಡ ನಾಲ್ಕನೇ ದರ್ಜೆಯಲ್ಲಿತ್ತು. ಅದೇ ಕೋಚ್‌ನೊಂದಿಗೆ 2023ರಲ್ಲಿ ಬುಂಡೆಸ್‌ಲಿಗಾ. ಎಲ್ವರ್ಸ್‌ಬರ್ಗ್ ಇನ್ನೂ ಚಿಕ್ಕದು, ಊರಿನ ಜನಸಂಖ್ಯೆ 13,000 ಆಸುಪಾಸು. 2023ರಲ್ಲಿ ಮೊದಲ ಸಲ ಎರಡನೇ ದರ್ಜೆಗೆ ಬಂದು 2025ರಲ್ಲಿ ಮೂರನೇ ಸ್ಥಾನ. ಮೊದಲ ದರ್ಜೆಗೆ ಕನಿಷ್ಠ 15,000 ಸಾಮರ್ಥ್ಯದ ಮೈದಾನ ಬೇಕು ಎಂಬ ನಿಯಮವಿರುವುದರಿಂದ ಇಂಥ ಊರುಗಳು ತಂಡ ಕಟ್ಟುವ ಜೊತೆಗೆ ಗ್ಯಾಲರಿಯನ್ನೂ ಕಟ್ಟುತ್ತಿರಬೇಕಾಗುತ್ತದೆ. ಕೀಲ್ 2024ರಲ್ಲಿ ಏರಿದಾಗ ಶ್ಲೆಸ್‌ವಿಗ್-ಹೋಲ್‌ಶ್ಟೈನ್ ರಾಜ್ಯದಿಂದ ಬುಂಡೆಸ್‌ಲಿಗಾಕ್ಕೆ ಹೋದ ಮೊಟ್ಟಮೊದಲ ಕ್ಲಬ್ ಆಯಿತು.

60,000 ಜನ ತುಂಬುವ ಶಾಲ್ಕೆ ಮೈದಾನಕ್ಕೆ 13,000 ಜನರ ಊರಿನ ತಂಡ ಸಮಾನವಾಗಿ ಇಳಿಯುತ್ತದೆ. ಇಡೀ ಎಲ್ವರ್ಸ್‌ಬರ್ಗ್ ಊರನ್ನು ಆ ಮೈದಾನದ ಒಂದು ಬದಿಯಲ್ಲಿ ಕೂರಿಸಬಹುದು! ಈ ಲೀಗ್‌ನ ಸೆಳೆತ ಒಂದೇ ಮಾತಿನಲ್ಲಿ ಹೇಳು ಎಂದರೆ ನನ್ನ ಉತ್ತರ ಇದೇ.

ಆಫ್‌ಸೈಡ್_ಅಕ್ಕ

ಮೂರನೇ ಸ್ಥಾನದ ಬಗ್ಗೆ ಯಾರೂ ಬಿಡಿಸಿ ಬರೆದಿಲ್ಲ, ಅದನ್ನು ಬರೆಯುತ್ತೇನೆ. ಜರ್ಮನ್ನರು ಆ ಎರಡು ಪಂದ್ಯಗಳನ್ನು ‘ರೆಲೆಗಾಟ್ಸಿಯೋನ್’ ಎನ್ನುತ್ತಾರೆ. 2009ರಿಂದ 2025ರವರೆಗೆ 17 ಸಲ ನಡೆದಿದೆ. ಎರಡನೇ ದರ್ಜೆಯ ತಂಡ ಗೆದ್ದದ್ದು ಮೂರೇ ಸಲ: 2009ರಲ್ಲಿ ನ್ಯೂರ್ನ್‌ಬರ್ಗ್, 2012ರಲ್ಲಿ ಡ್ಯೂಸಲ್‌ಡಾರ್ಫ್, 2019ರಲ್ಲಿ ಯೂನಿಯನ್ ಬರ್ಲಿನ್. ಉಳಿದ 14 ಸಲವೂ ಮೇಲಿನವರೇ ಉಳಿದುಕೊಂಡರು.

ಕಾರಣ ಅದೃಷ್ಟವಲ್ಲ. ಮೊದಲ ದರ್ಜೆಯಲ್ಲಿ 16ನೇ ಸ್ಥಾನದಲ್ಲಿದ್ದರೂ ಆ ತಂಡ ಕೊಂಡ ಆಟಗಾರರು ಮೊದಲ ದರ್ಜೆಯ ಬೆಲೆಯವರು, ಬೆಂಚಿನಲ್ಲಿ ಕೂತವರೂ ಹಾಗೆಯೇ. ಎರಡನೇ ದರ್ಜೆಯ ಮೂರನೆಯವರು ನೇರ ಬಡ್ತಿ ಕೂದಲೆಳೆಯಲ್ಲಿ ತಪ್ಪಿದ ನೋವಿನಲ್ಲಿ ಬರುತ್ತಾರೆ. ಮೇಲಿನವರಿಗೆ ನೇರವಾಗಿ ಬೀಳುವುದು ತಪ್ಪಿತಲ್ಲ ಎಂಬ ನಿರಾಳ. ಒಂದೇ ಪಾಯಿಂಟ್‌ನಿಂದ ಎರಡನೇ ಸ್ಥಾನ ಕಳೆದುಕೊಂಡ ತಂಡಕ್ಕೆ ಚೇತರಿಸಿಕೊಳ್ಳಲು ಸಿಗುವುದು ನಾಲ್ಕೈದು ದಿನ.

2024ರದ್ದು ನೋಡಿ. ಡ್ಯೂಸಲ್‌ಡಾರ್ಫ್ ಬೋಖುಮ್‌ಗೆ ಹೋಗಿ 3-0 ಗೆದ್ದಿತು. ಮನೆಯಲ್ಲಿ ಅದೇ 0-3ರಿಂದ ಸೋತು, ಪೆನಾಲ್ಟಿಯಲ್ಲೂ ಸೋತಿತು. 2025ರಲ್ಲಿ ಎಲ್ವರ್ಸ್‌ಬರ್ಗ್ ಹೈಡನ್‌ಹೈಮ್ ಅಂಗಳದಲ್ಲಿ 2-0 ಮುಂದಿದ್ದು 2-2 ಆಯಿತು. ಮರುಪಂದ್ಯದ 95ನೇ ನಿಮಿಷದಲ್ಲಿ ಗೋಲು ಬಿಟ್ಟು 1-2ರಿಂದ ಸೋತಿತು.

ಹ್ಯಾಂಬರ್ಗ್ ಕಥೆಯನ್ನು ಬಿಟ್ಟರೆ ಈ ಚರ್ಚೆ ಅಪೂರ್ಣ. 1963ರಲ್ಲಿ ಬುಂಡೆಸ್‌ಲಿಗಾ ಶುರುವಾದಂದಿನಿಂದ ಒಂದು ಋತುವೂ ತಪ್ಪದೆ ಆಡಿದ್ದ ಕ್ಲಬ್, 2018ರಲ್ಲಿ ಮೊದಲ ಸಲ ಬಿತ್ತು. ಆಮೇಲೆ ನಾಲ್ಕನೇ ಸ್ಥಾನ, ನಾಲ್ಕು, ನಾಲ್ಕು, ಮೂರು, ಮೂರು, ಮತ್ತೆ ನಾಲ್ಕು. 2023ರ ಮೇ 28ರಂದು ಜಾಂಡ್‌ಹೌಸನ್‌ನಲ್ಲಿ 1-0 ಗೆದ್ದು ಅಭಿಮಾನಿಗಳು ಬಡ್ತಿ ಸಿಕ್ಕಿತೆಂದು ಮೈದಾನಕ್ಕೆ ಇಳಿದಿದ್ದರು. ಅತ್ತ ರೇಗನ್ಸ್‌ಬರ್ಗ್‌ನಲ್ಲಿ 0-2 ಹಿಂದಿದ್ದ ಹೈಡನ್‌ಹೈಮ್ ಒಂದು ಗೋಲು ತೀರಿಸಿತ್ತು. 93ನೇ ನಿಮಿಷದಲ್ಲಿ ಪೆನಾಲ್ಟಿ, 99ನೇ ನಿಮಿಷದಲ್ಲಿ ಟಿಮ್ ಕ್ಲೈನ್‌ಡೀನ್‌ಸ್ಟ್ ಹೊಡೆದ ಗೋಲು, 3-2. ಹ್ಯಾಂಬರ್ಗ್ ಮೂರನೇ ಸ್ಥಾನಕ್ಕೆ, ಅಲ್ಲಿಂದ ಶ್ಟುಟ್‌ಗಾರ್ಟ್ ಎದುರು 0-3, 1-3. ಕೊನೆಗೆ 2025ರ ಮೇ 10ರಂದು ಉಲ್ಮ್ ತಂಡವನ್ನು 6-1ರಿಂದ ಸೋಲಿಸಿ ಮೇಲೆ ಹೋಯಿತು, ಏಳನೇ ಪ್ರಯತ್ನದಲ್ಲಿ. ಕೋವಿಡ್ ಕಾಲ ಬಿಟ್ಟರೆ ಆ ಏಳೂ ವರ್ಷ ಜನ ಮೈದಾನಕ್ಕೆ ಬರುವುದು ನಿಲ್ಲಲಿಲ್ಲ.

ಬೆಳಗಾವಿ_ಬಾರ್ಸ್

ನಿಯಮದ ಬಗ್ಗೆ ಒಂದು ಸೇರ್ಪಡೆ. ಆ ಎರಡು ಪಂದ್ಯಗಳಲ್ಲಿ ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆ ಎಂಬ ನಿಯಮ ಈಗ ಇಲ್ಲ, 2022ರ ಪಂದ್ಯಗಳಿಂದ ತೆಗೆದಿದ್ದಾರೆ. 2019ರಲ್ಲಿ ಯೂನಿಯನ್ ಏರಿದ್ದು ಆ ನಿಯಮದಿಂದಲೇ: ಶ್ಟುಟ್‌ಗಾರ್ಟ್‌ನಲ್ಲಿ 2-2, ಬರ್ಲಿನ್‌ನಲ್ಲಿ 0-0. ಈಗಿನ ನಿಯಮದಲ್ಲಾದರೆ ಅದು ಹೆಚ್ಚುವರಿ ಸಮಯಕ್ಕೆ ಹೋಗುತ್ತಿತ್ತು. ಹಳೆಯ ಫಲಿತಾಂಶ ಓದುವಾಗ ಇದು ನೆನಪಿರಲಿ. ವಿಡಿಯೋ ಸಹಾಯಕ ರೆಫರಿ ಎರಡನೇ ದರ್ಜೆಗೆ ಬಂದದ್ದು 2019-20ರಲ್ಲಿ.

ಹೊಸಬ_ಎರ್ಲಾಂಗನ್

ನ್ಯೂರ್ನ್‌ಬರ್ಗ್ ಹತ್ತಿರ ಕೆಲಸಕ್ಕೆ ಬಂದಿರುವ ಕನ್ನಡಿಗರು ನಾಲ್ಕೈದು ಜನ ಸೇರಿ ಒಂದು ಪಂದ್ಯಕ್ಕೆ ಹೋಗಬೇಕು ಎಂದಿದ್ದೇವೆ. ಟಿಕೆಟ್ ಯಾವಾಗ ಬಿಡುತ್ತಾರೆ, ಯಾವ ಜಾಗ ತೆಗೆದುಕೊಳ್ಳಬೇಕು, ಏನು ಒಯ್ಯಬಾರದು?

ಆಫ್‌ಸೈಡ್_ಅಕ್ಕ

ಮೊದಲು ದಿನಾಂಕ. ಇಲ್ಲಿಯೇ ಹೊಸಬರು ದುಡ್ಡು ಕಳೆದುಕೊಳ್ಳುವುದು. ಬೇಸಿಗೆಯಲ್ಲಿ ಬರುವ ವೇಳಾಪಟ್ಟಿಯಲ್ಲಿ ಬಹುಪಾಲು ಸುತ್ತುಗಳಿಗೆ ಇರುವುದು ವಾರಾಂತ್ಯ ಮಾತ್ರ. ಪಂದ್ಯ ಶುಕ್ರವಾರವೋ, ಶನಿವಾರವೋ, ಭಾನುವಾರವೋ ಎಂಬುದನ್ನು ಲೀಗ್ ಕಂತು ಕಂತಾಗಿ ಆಮೇಲೆ ಪ್ರಕಟಿಸುತ್ತದೆ. ಪಟ್ಟಿಯಲ್ಲಿ ಶನಿವಾರದ ದಿನಾಂಕ ಕಂಡಿತೆಂದು ಹಣ ವಾಪಸ್ ಬರದ ರೈಲು ಟಿಕೆಟ್ ತೆಗೆದರೆ ಪಂದ್ಯ ಶುಕ್ರವಾರ ಸಂಜೆ ಮುಗಿದಿರುತ್ತದೆ. ನಿಖರ ಸಮಯ ಬಂದ ಮೇಲೇ ಪ್ರಯಾಣ ಗೊತ್ತು ಮಾಡಿ.

ಟಿಕೆಟ್ ಮಾರಾಟ ಮೂರು ಹಂತ. ಋತುಪೂರ್ತಿ ಟಿಕೆಟ್ ಇರುವವರ ಜಾಗ ಮೊದಲೇ ಹೋಗಿರುತ್ತದೆ, ಅದನ್ನು ಡೌವರ್‌ಕಾರ್ಟೆ ಎನ್ನುತ್ತಾರೆ. ಉಳಿದದ್ದನ್ನು ಮೊದಲು ಸದಸ್ಯರಿಗೆ, ಅದರ ಮೇಲೆ ಉಳಿದರೆ ಸಾರ್ವಜನಿಕರಿಗೆ. ಶಾಲ್ಕೆಯಂಥ ಕಡೆ ಮೂರನೇ ಹಂತಕ್ಕೆ ಏನೂ ಉಳಿಯದಿರಬಹುದು. ನ್ಯೂರ್ನ್‌ಬರ್ಗ್, ಹೆರ್ಥಾದಂಥ ದೊಡ್ಡ ಮೈದಾನಗಳಲ್ಲಿ ಸಾಮಾನ್ಯ ಪಂದ್ಯಕ್ಕೆ ಸಿಗುತ್ತದೆ, ಡರ್ಬಿಗೆ, ಅಂದರೆ ನೆರೆಯ ಎದುರಾಳಿಗಳ ಪಂದ್ಯಕ್ಕೆ, ಕಷ್ಟ. ಎಲ್ಲ ಮುಗಿದಿದ್ದರೆ ಕ್ಲಬ್‌ನದೇ ಮರುಮಾರಾಟದ ಪುಟ ನೋಡುತ್ತಿರಿ. ಪಂದ್ಯದ ಹಿಂದಿನ ಎರಡು ದಿನ ಬರಲಾರದವರು ಅಲ್ಲಿ ಬಿಡುತ್ತಾರೆ. ಹೊರಗಿನ ಮಾರಾಟಗಾರರಿಂದ ದುಪ್ಪಟ್ಟು ಕೊಟ್ಟು ಕೊಂಡ ಟಿಕೆಟನ್ನು ಕ್ಲಬ್ ರದ್ದು ಮಾಡಬಹುದು, ಗೇಟಿನಲ್ಲಿ ಸ್ಕ್ಯಾನ್ ಆಗದೆ ನಿಲ್ಲಬೇಕಾಗುತ್ತದೆ.

ಜಾಗದ ಆಯ್ಕೆಗೆ ಬರೋಣ. ಗೋಲಿನ ಹಿಂದೆ ನಿಂತು ನೋಡುವ ಮೆಟ್ಟಿಲುಗಳಿರುತ್ತವೆ, ಸುಮಾರು 15 ಯೂರೋ ಆಸುಪಾಸು. ಅಲ್ಲಿ ಸೀಟ್ ಸಂಖ್ಯೆ ಇಲ್ಲ, ಮೊದಲು ಬಂದವರಿಗೆ ಒಳ್ಳೆಯ ಜಾಗ. ಗೇಟು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆ ಮೊದಲು ತೆರೆಯುತ್ತದೆ. ನಟ್ಟನಡುವಿನ ಭಾಗ ಅಲ್ಟ್ರಾ ಎಂಬ ಕಟ್ಟಾ ಅಭಿಮಾನಿ ಗುಂಪುಗಳದ್ದು. ಅಲ್ಲಿ ನಿಂತರೆ 90 ನಿಮಿಷ ಹಾಡಬೇಕು, ದೊಡ್ಡ ಬಾವುಟಗಳು ಅರ್ಧ ಆಟವನ್ನು ಮರೆಮಾಡುತ್ತವೆ, ಮೊಬೈಲ್ ಎತ್ತಿ ಅವರ ಮುಖ ಚಿತ್ರೀಕರಿಸಿದರೆ ಖಂಡಿತ ಆಕ್ಷೇಪ ಬರುತ್ತದೆ. ಮೊದಲ ಸಲ ಹೋಗುವವರು ಅದೇ ಗ್ಯಾಲರಿಯ ಅಂಚಿನಲ್ಲಿ, ಮೇಲ್ಭಾಗದಲ್ಲಿ ನಿಂತರೆ ಹಾಡೂ ಕೇಳುತ್ತದೆ, ಆಟವೂ ಕಾಣುತ್ತದೆ. ಮಕ್ಕಳು ಜೊತೆಗಿದ್ದರೆ ಉದ್ದದ ಬದಿಯಲ್ಲಿ ಕೂರುವ ಜಾಗ ತೆಗೆದುಕೊಳ್ಳಿ.

ಒಯ್ಯಬಾರದ್ದು: ಎ4 ಹಾಳೆಗಿಂತ ದೊಡ್ಡ ಚೀಲ, ಬಾಟಲಿ, ಕೊಡೆ. ಆಫೀಸಿನಿಂದ ನೇರವಾಗಿ ಲ್ಯಾಪ್‌ಟಾಪ್ ಚೀಲ ಹೊತ್ತು ಶುಕ್ರವಾರದ ಪಂದ್ಯಕ್ಕೆ ಹೋದರೆ ಚೀಲ ಇಡುವ ಕಟ್ಟೆಯ ಸಾಲಿನಲ್ಲೇ ಮೊದಲ ಹತ್ತು ನಿಮಿಷ ಹೋಗುತ್ತದೆ. ಒಳಗೆ ಪಾನೀಯದ ಲೋಟಕ್ಕೆ ಠೇವಣಿ ಇರುತ್ತದೆ, ಲೋಟ ವಾಪಸ್ ಕೊಟ್ಟರೆ ಹಣ ವಾಪಸ್. ಹಲವು ಕಡೆ ನಗದು ನಡೆಯುವುದಿಲ್ಲ, ಕಾರ್ಡ್ ಇರಲಿ.

ಪ್ರಯಾಣ: ಬಹುತೇಕ ಕ್ಲಬ್‌ಗಳ ಟಿಕೆಟ್‌ನಲ್ಲೇ ಆ ಪ್ರದೇಶದ ಬಸ್, ಟ್ರಾಮ್, ಮೆಟ್ರೋ ಪ್ರಯಾಣ ಸೇರಿರುತ್ತದೆ. ಎಷ್ಟು ಗಂಟೆ ಮೊದಲಿನಿಂದ, ಯಾವ ವಲಯದವರೆಗೆ ಎಂದು ಟಿಕೆಟ್ ಮೇಲೇ ಅಚ್ಚಾಗಿರುತ್ತದೆ. ಐಸಿಇ, ಐಸಿ ಎಂಬ ದೂರಪ್ರಯಾಣದ ವೇಗದ ರೈಲುಗಳಿಗೆ ಅದು ನಡೆಯುವುದಿಲ್ಲ. ದೂರದ ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ದೇಶವಿಡೀ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ಪಾಸ್ ಒಳ್ಳೆಯದು, 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಅದೂ ಪ್ರಾದೇಶಿಕ ರೈಲುಗಳಿಗೆ ಮಾತ್ರ. ಶನಿವಾರ 20:30ರ ಪಂದ್ಯ ಮುಗಿಯುವುದು 22:20ರ ಮೇಲೆ, ಕೊನೆಯ ಪ್ರಾದೇಶಿಕ ರೈಲು ಎಷ್ಟಕ್ಕೆ ಎಂದು ನೋಡಿಯೇ ಹೊರಡಿ.

ಕೊಡಿಯಾಲ್_442

ಎರ್ಲಾಂಗನ್‌ನವರಿಗೆ ಒಂದು ಸಲಹೆ ಉಂಟು. ನ್ಯೂರ್ನ್‌ಬರ್ಗ್ ಮತ್ತು ಫ್ಯೂರ್ತ್ ಎರಡೂ ಪಕ್ಕಪಕ್ಕದ ಊರು, ಒಂದೇ ಯು1 ಮೆಟ್ರೋ ಎರಡನ್ನೂ ಜೋಡಿಸುತ್ತದೆ. 1835ರಲ್ಲಿ ಜರ್ಮನಿಯ ಮೊದಲ ಉಗಿಬಂಡಿ ಓಡಿದ್ದು ಕೂಡ ಇದೇ ಎರಡು ಊರುಗಳ ನಡುವೆ. ಇವರಿಬ್ಬರ ಡರ್ಬಿ ನೋಡಲು ಅದ್ಭುತ, ಮೊದಲ ಪಂದ್ಯಕ್ಕೆ ಮಾತ್ರ ಬೇಡ. ಪೊಲೀಸ್ ಬಂದೋಬಸ್ತು, ಟಿಕೆಟ್ ಬರ, ಎರಡೂ ಹೆಚ್ಚು. ಬದಲಿಗೆ ನ್ಯೂರ್ನ್‌ಬರ್ಗ್–ಶಾಲ್ಕೆ ಪಂದ್ಯ ಇದ್ದರೆ ಅದನ್ನು ಆರಿಸಿ. ಈ ಎರಡು ಕ್ಲಬ್ಬುಗಳ ಅಭಿಮಾನಿಗಳ ನಡುವೆ ದಶಕಗಳ ಗೆಳೆತನ ಉಂಟು. ಎರಡೂ ಬಣ್ಣದವರು ಒಟ್ಟಿಗೆ ನಿಂತು ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುತ್ತಾರೆ. ಹೊಸಬರಿಗೆ ಅಷ್ಟು ನಿರಾತಂಕವಾದ ದೊಡ್ಡ ಪಂದ್ಯ ಬೇರೆ ಸಿಗುವುದು ಕಷ್ಟ. ಎಸ್2 ರೈಲಿನಲ್ಲಿ ಫ್ರಾಂಕನ್‌ಶ್ಟಾಡಿಯೋನ್ ನಿಲ್ದಾಣದಲ್ಲಿ ಇಳಿದರೆ ಮೈದಾನ ನಡಿಗೆಯ ದೂರ.

ಹೊರ ಊರಿನ ತಂಡದ ಜೊತೆ ಹೋಗುವುದಾದರೆ ಟಿಕೆಟ್ ಆ ತಂಡದ ಕ್ಲಬ್ಬಿನಿಂದಲೇ ತಗೊಳ್ಳಬೇಕು. ಅತಿಥಿ ತಂಡಕ್ಕೆ ಸಾಮರ್ಥ್ಯದ ಶೇ 10ರಷ್ಟು ಜಾಗ ಕೊಡಬೇಕೆಂಬ ನಿಯಮ ಉಂಟು. ಆತಿಥೇಯರ ಅಂಗಿ ಹಾಕಿಕೊಂಡು ಅತಿಥಿಗಳ ಬ್ಲಾಕಿಗೆ ಹೋದರೆ ಗೇಟಿನಲ್ಲೇ ತಡೆಯುತ್ತಾರೆ.

ಮಿಡ್‌ಫೀಲ್ಡ್_ಮೇಷ್ಟ್ರು

ಟಿಕೆಟ್ 15 ಯೂರೋಗೆ ಉಳಿದಿರುವುದಕ್ಕೂ ನಿಂತು ನೋಡುವ ಗ್ಯಾಲರಿ ಉಳಿದಿರುವುದಕ್ಕೂ ಕಾರಣ ‘50+1’ ನಿಯಮ. ವೃತ್ತಿಪರ ತಂಡವನ್ನು ಕಂಪನಿಯಾಗಿ ಬೇರ್ಪಡಿಸಿದರೂ ಅದರಲ್ಲಿ ಶೇ 50ಕ್ಕಿಂತ ಕನಿಷ್ಠ ಒಂದು ಮತ ಹೆಚ್ಚು ಮಾತೃಸಂಘದ ಕೈಯಲ್ಲೇ ಇರಬೇಕು. ಮಾತೃಸಂಘ ಎಂದರೆ ಚಂದಾ ಕಟ್ಟಿದ ಸದಸ್ಯರು. ಅಧ್ಯಕ್ಷರನ್ನೋ ಮೇಲ್ವಿಚಾರಣಾ ಮಂಡಳಿಯನ್ನೋ ಅವರು ಸಭೆಯಲ್ಲಿ ಕೈಯೆತ್ತಿ ಆರಿಸುತ್ತಾರೆ. ಟಿಕೆಟ್ ಬೆಲೆ ದುಪ್ಪಟ್ಟು ಮಾಡಿದ ಆಡಳಿತ ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಕೊಡಬೇಕು. ಲೆವರ್‌ಕೂಸನ್, ವೋಲ್ಫ್ಸ್‌ಬರ್ಗ್‌ನಂಥ ಹಳೆಯ ಕಾರ್ಖಾನೆ ಕ್ಲಬ್‌ಗಳಿಗೆ ವಿನಾಯಿತಿ ಇದೆ.

ಎರಡನೇ ದರ್ಜೆಗೆ ಇದರಲ್ಲಿ ಎಷ್ಟು ಬಲವಿದೆ ಎಂಬುದು 2023ರ ಡಿಸೆಂಬರ್‌ನಲ್ಲಿ ಕಂಡಿತು. ಪ್ರಸಾರ ಹಕ್ಕುಗಳ ಅಂಗಸಂಸ್ಥೆಯ ಶೇ 8ರಷ್ಟು ಪಾಲನ್ನು 20 ವರ್ಷಕ್ಕೆ ಹೂಡಿಕೆದಾರರಿಗೆ ಕೊಟ್ಟು ಸುಮಾರು 100 ಕೋಟಿ ಯೂರೋ ತರುವ ಪ್ರಸ್ತಾವ ಲೀಗ್‌ನ ಮುಂದೆ ಬಂತು. ಎರಡೂ ದರ್ಜೆಯ 36 ಕ್ಲಬ್‌ಗಳಿಗೆ ತಲಾ ಒಂದು ಮತ, ಬೇಕಿದ್ದದ್ದು 24, ಗುಪ್ತ ಮತದಾನದಲ್ಲಿ ಬಂದದ್ದು ಸರಿಯಾಗಿ 24. ಎರಡನೇ ದರ್ಜೆಯ ಒಂದು ಕ್ಲಬ್‌ನಲ್ಲಿ, ಬೇಡವೆಂದು ಮಾತೃಸಂಘ ಹೇಳಿದ್ದರೂ ಕ್ಲಬ್‌ನ ಪ್ರತಿನಿಧಿ ಪ್ರಸ್ತಾವದ ಪರವಾಗಿ ಮತ ಹಾಕಿದರೇ ಎಂಬ ಅನುಮಾನ ಎದ್ದಿತು. ಅಲ್ಲಿಂದ ಶುರು. ಮೊದಲ 12 ನಿಮಿಷ ಮೌನ, ಆಮೇಲೆ ಮೈದಾನಕ್ಕೆ ಟೆನಿಸ್ ಚೆಂಡು, ಚಾಕೊಲೇಟ್ ನಾಣ್ಯ, ರಿಮೋಟ್ ಕಾರು. ಪಂದ್ಯಗಳು ಅರ್ಧ ಗಂಟೆಯವರೆಗೂ ನಿಂತವು. 2024ರ ಫೆಬ್ರುವರಿ 21ರಂದು ಲೀಗ್ ಮಾತುಕತೆಯನ್ನೇ ಕೈಬಿಟ್ಟಿತು. ಮೊದಲ ದರ್ಜೆಯ ದೊಡ್ಡ ಕ್ಲಬ್‌ಗಳಷ್ಟೇ ಎರಡನೇ ದರ್ಜೆಯ ಗ್ಯಾಲರಿಗಳೂ ಆ ಹೋರಾಟ ನಡೆಸಿದವು. ಅಭಿಮಾನಿ ಬರೀ ಗಿರಾಕಿಯಾಗಿರುವ ಕಡೆ ಇದು ಸಾಧ್ಯವಿಲ್ಲ.

ಸೇಂಟ್ ಪೌಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2024ರಲ್ಲಿ ಬಡ್ತಿ ಪಡೆದ ಮೇಲೆ ಸಹಕಾರ ಸಂಘ ಸ್ಥಾಪಿಸಿ, ತನ್ನ ಮೈದಾನದ ಬಹುಪಾಲು ಒಡೆತನವನ್ನು ಅದಕ್ಕೆ ಮಾರಲು ಶೇರು ಬಿಟ್ಟಿತು. ನಮ್ಮ ಹಾಲಿನ ಸೊಸೈಟಿಯ ಹಾಗೆಯೇ, ಎಷ್ಟು ಶೇರು ಕೊಂಡರೂ ಒಬ್ಬರಿಗೆ ಒಂದೇ ಮತ.

ಬೆಳಗಾವಿ_ಬಾರ್ಸ್

50+1 ಇದ್ದ ಮಾತ್ರಕ್ಕೆ ಆಡಳಿತ ಚೆನ್ನಾಗಿರುತ್ತದೆ ಎಂದಲ್ಲ, ಮೇಷ್ಟ್ರು ಮೊದಲು ಬರೆದ ಚಕ್ರದಲ್ಲಿ ಸಿಕ್ಕವರಲ್ಲಿ ಸದಸ್ಯರ ಕ್ಲಬ್‌ಗಳೇ ಹೆಚ್ಚು. ಸದಸ್ಯರು ಭಾವುಕವಾಗಿ ಮತ ಹಾಕುತ್ತಾರೆ, ಹಳೆಯ ಆಟಗಾರ ನಿಂತರೆ ಗೆಲ್ಲಿಸುತ್ತಾರೆ. ಆದರೂ ಕ್ಲಬ್ ಊರು ಬಿಟ್ಟು ಹೋಗುವುದಿಲ್ಲ, ಹೆಸರು ಬದಲಾಗುವುದಿಲ್ಲ ಎಂಬ ಖಾತ್ರಿ ಇದೆ. ನಮಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಬೆಂಗಳೂರು ಎಫ್‌ಸಿ 2013-14ರಲ್ಲಿ ಮೊದಲ ಪ್ರಯತ್ನದಲ್ಲೇ ಐ-ಲೀಗ್ ಗೆದ್ದಾಗ ಅದು ದೇಶದ ಮೊದಲ ದರ್ಜೆ. 2022-23ರಿಂದ ಅದೇ ಐ-ಲೀಗ್ ಎರಡನೇ ದರ್ಜೆ. 2023ರಲ್ಲಿ ಪಂಜಾಬ್ ಎಫ್‌ಸಿ, 2024ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಗೆದ್ದು ಮೇಲೆ ಹೋದವು. ಆದರೆ ಆಗ ಮೇಲಿನಿಂದ ಯಾರೂ ಕೆಳಗೆ ಬೀಳಲಿಲ್ಲ. ಏಣಿಗೆ ಒಂದೇ ದಿಕ್ಕು ಇದ್ದರೆ ಎರಡನೇ ದರ್ಜೆಗೆ ದೊಡ್ಡ ಕ್ಲಬ್ ಬರುವುದೇ ಇಲ್ಲ, ಕೊಡಿಯಾಲ್ ಅವರು ಎಣಿಸಿದಂಥ ಪಟ್ಟಿ ಎಂದೂ ತಯಾರಾಗುವುದಿಲ್ಲ.

ಧಾರವಾಡ_ಡಿಫೆನ್ಸ್

ಊರಾಗ ಕೂತು ನೋಡೋರಿಗೆ ಟೈಮಿಂದ ಲೆಕ್ಕ. ಪ್ರತಿ ಸುತ್ತಿಗೆ ಒಂಬತ್ತು ಪಂದ್ಯ: ಶುಕ್ರವಾರ 18:30ಕ್ಕ ಎರಡು, ಶನಿವಾರ 13:00ಕ್ಕ ಮೂರು, ಅವತ್ತ ರಾತ್ರಿ 20:30ಕ್ಕ ಒಂದು, ರವಿವಾರ 13:30ಕ್ಕ ಮೂರು. ಮಾರ್ಚ್ ಕೊನೇ ರವಿವಾರದಿಂದ ಅಕ್ಟೋಬರ್ ಕೊನೇ ರವಿವಾರದ ತನಕ ಅದಕ್ಕ ಮೂರುವರೆ ತಾಸು ಕೂಡಸ್ರಿ, ಉಳಿದ ದಿನ ನಾಲ್ಕೂವರೆ. ಶುಕ್ರವಾರದ್ದು ನಮ್ಮ ರಾತ್ರಿ 10 ಇಲ್ಲಾ 11. ಶನಿವಾರ ಮಧ್ಯಾಹ್ನದ್ದು 4:30 ಇಲ್ಲಾ 5:30. ರವಿವಾರದ್ದು 5 ಇಲ್ಲಾ 6. ಶನಿವಾರ ರಾತ್ರಿಯದ್ದು ನಡುರಾತ್ರಿ 12 ಇಲ್ಲಾ 1, ಅಂದ್ರ ನಮ್ಮ ಕ್ಯಾಲೆಂಡರಿನಾಗ ರವಿವಾರ. ಅಲಾರಂ ಇಡೋವಾಗ ಈ ತಾರೀಖಿನಾಗ ತಪ್ಪತಾರ.

ಪ್ರಸಾರದ ಹಕ್ಕು ಆಗಾಗ ಕೈ ಬದಲಾಗ್ತಾವು, ಆಗಸ್ಟ್‌ನಾಗ ಲೀಗಿನ ಅಧಿಕೃತ ಪುಟದಾಗ ಭಾರತ ಅಂತ ಆರಿಸಿ ಒಮ್ಮೆ ನೋಡ್ಕೋರಿ. ಜರ್ಮನಿಯಾಗ ಇದ್ದವರು ‘ಕಾನ್ಫರೆನ್ಸ್’ ಪ್ರಸಾರ ಹಾಕ್ರಿ. ಒಂದ ಹೊತ್ತಿಗೆ ನಡೆಯೋ ಪಂದ್ಯ ಎಲ್ಲಾನೂ ಒಂದ ಪರದೆ ಮ್ಯಾಲೆ ತಿರುವಿ ತೋರಸ್ತಾರ; ಎಲ್ಲೆರ ಗೋಲ್ ಬಿದ್ರ ಅಲ್ಲಿಯ ವೀಕ್ಷಕ ವಿವರಣೆಕಾರ ಕೂಗ್ತಾನ, ಚಿತ್ರ ಅಲ್ಲಿಗೆ ಹಾರ್ತೈತಿ.

ಹೊಸಬ_ಎರ್ಲಾಂಗನ್

ಎಲ್ಲರಿಗೂ ಧನ್ಯವಾದ. ಕೊನೆಯ ಸುತ್ತಿಗೂ ಇದೇ ಸಮಯಗಳಾ?

ಧಾರವಾಡ_ಡಿಫೆನ್ಸ್

ಇಲ್ರಿ. 34ನೇ ಸುತ್ತಿನ ಒಂಬತ್ತೂ ಪಂದ್ಯ ಮೇ ತಿಂಗಳ ರವಿವಾರ 15:30ಕ್ಕ ಒಮ್ಮೆಲೆ ಶುರು, ನಮ್ಮಲ್ಲಿ ಸಂಜಿ 7ಕ್ಕ. ಒಬ್ಬರ ಫಲಿತಾಂಶ ನೋಡಿ ಇನ್ನೊಬ್ಬರು ಆಡಬಾರದು ಅಂತ ಹಂಗ ಇಟ್ಟಾರ. ಅವತ್ತ ಒಂದ ಪಂದ್ಯಕ್ಕ ಅಂಟಿ ಕೂಡಬ್ಯಾಡ್ರಿ, ಕಾನ್ಫರೆನ್ಸ್ ಹಾಕ್ರಿ, ಪಕ್ಕದಾಗ ಟೇಬಲ್ ತೆರೆದು ಇಟ್ಕೋರಿ. ನಿಮ್ಮ ಪಂದ್ಯ ಮುಗದ್ರೂ ಉಳಿದ ಮೈದಾನದಾಗ ಸೀಟಿ ಊದೋ ತನಕ ಬಂದ್ ಮಾಡಬ್ಯಾಡ್ರಿ. ರೇಗನ್ಸ್‌ಬರ್ಗ್‌ನಾಗ ಆ ಗೋಲು ಬಿದ್ದಿದ್ದು 99ನೇ ನಿಮಿಷಕ್ಕ.